ರಾತ್ರಿ ಮಲಗಿದಾಗ ಎದೆ ಬಿಗಿಯುತ್ತದೆ, ಗ್ಯಾಸ್ ಅಂತ ಬಿಡೋದಾ?

ಹಳೇಹುಬ್ಬಳ್ಳಿ_ಅಂಗಡಿ
ವಯಸ್ಸು 44. ಅಂಗಡಿ ಬಾಗಿಲು ಹಾಕಿ ಮನೆಗೆ ಬಂದು ರೊಟ್ಟಿ, ಎಣ್ಣೆಗಾಯಿ ಉಂಡು ಅಡ್ಡಾಗುವಾಗ ಹನ್ನೊಂದು ದಾಟಿರುತ್ತದೆ. ನಡುರಾತ್ರಿ ಎದೆ ನಡುವೆ ಬಿಗಿದು ಎಚ್ಚರ. ಎದ್ದು ಕೂತರೆ ಹುಳಿ ತೇಗು ಬಂದು ಸಡಿಲಾಗುತ್ತದೆ. ಹಗಲೆಲ್ಲ ಆರಾಮ. ಮನೆಯಾಕೆ ದವಾಖಾನೆಗೆ ನಡೀರಿ ಅನ್ನುತ್ತಾಳೆ, ಅಣ್ಣ ಸುಮ್ನೆ ಸೋಡಾ ಕುಡಿ ಅನ್ನುತ್ತಾನೆ. ಯಾರಿಗಾದ್ರೂ ಹೀಗಾಗಿದೆಯಾ?

ಧಾರವಾಡ_ಸಿಸ್ಟರ್
ಸರ, ಸೋಡಾ ಬಿಡಿ, ಅದರ ಗ್ಯಾಸೇ ಹುಳಿಯನ್ನ ಮೇಲಕ್ಕೆ ನೂಕುತ್ತದೆ. ನೀವು ಹೇಳೋದು ಆಸಿಡಿಟಿ ಥರಾನೇ ಇದೆ, ಆದರೆ ಹೃದಯದ ನೋವೂ ಅದೇ ಜಾಗಕ್ಕೆ ಬರುತ್ತದೆ, ತೇಗು ಬಂದು ಹಗುರಾಯಿತು ಅಂದ ಮಾತ್ರಕ್ಕೆ ಹೃದಯದ್ದಲ್ಲ ಅನ್ನೋಕೆ ಬರಲ್ಲ. ಮೊದಲು ಇಸಿಜಿ. ನೋವಿಲ್ಲದಾಗ ತೆಗೆದದ್ದು ಸರಿ ಬಂದರೂ ಅಲ್ಲಿಗೆ ಮುಗಿಯಲ್ಲ, ಬಿಪಿ, ಶುಗರ್ ನೋಡಿ ಡಾಕ್ಟರು ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಓಡೋ ಪಟ್ಟಿ ಮೇಲೆ ನಡೆಸಿ ತೆಗೆಯೋ ಇಸಿಜಿ) ಬರೆಯಬಹುದು. ಬಿಗಿತ ಬಿಡದೇ ಇದ್ದರೆ, ತಣ್ಣನೆ ಬೆವರು ಬಂದರೆ, ನೋವು ಕೈಗೋ ದವಡೆಗೋ ಹರಿದರೆ 108. ಬೈಕ್ ಹತ್ತಿಕೊಂಡು ಹೋಗೋ ಧೈರ್ಯ ಬೇಡ. 2023ರಲ್ಲಿ ಶುರುವಾದ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಹಾರ್ಟ್ ಅಟ್ಯಾಕ್ ಆದವರಿಗೆ ರಕ್ತದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ.

ಬ್ಯಾಡಗಿ_ಘಾಟು
ನನಗೆ ಬೆಳಗಿನ ಜಾವ ಬಿಗಿಯುತ್ತಿತ್ತು, ಒಣ ಕೆಮ್ಮು, ಉಸಿರಲ್ಲಿ ಸಿಳ್ಳೆ. ಕೆಲಸ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ, ಚೀಲ ಬಿಚ್ಚಿ ಸುರುವಿದಾಗ ಏಳುವ ಕೆಂಪು ಧೂಳು ನೋಡಿದವರಿಗೇ ಗೊತ್ತು. ಕೊಳವೆಗೆ ಊದಿಸಿ ನೋಡಿದರು, ಅಸ್ತಮಾ. ಇನ್‌ಹೇಲರ್ ಚಟ ಆಗುತ್ತೆ ಅಂತ ಊರವರು ಹೆದರಿಸುತ್ತಾರೆ, ಎಲ್ಲ ಸುಳ್ಳು. ದಿನಾ ಎಳೆಯೋ ಸ್ಟೀರಾಯ್ಡ್ ಇನ್‌ಹೇಲರ್ ಆದರೆ ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು, ಅಷ್ಟೇ.

ಗದಗಿನ_ಅಕ್ಕ
ಅಣ್ಣಾವ್ರೇ, ಗೊರಕೆ ಹೊಡೀತೀರಾ? ನಿಮ್ಮನ್ನ ಕೇಳಿ ಉಪಯೋಗ ಇಲ್ಲ, ವೈನಿಯವರನ್ನ ಕೇಳಿ ಹೇಳಿ. ನಮ್ಮನೆಯವರಿಗೆ ಗೊರಕೆ ನಡುವೆ ಉಸಿರೇ ನಿಂತು, ಆಮೇಲೆ ಗಕ್ಕನೆ ಎದ್ದು ಕೂರುತ್ತಿದ್ದರು. ಸ್ಲೀಪ್ ಆಪ್ನಿಯಾ ಅಂದರು, ಈಗ ಮುಖವಾಡದಿಂದ ಗಾಳಿ ಒತ್ತಿ ಉಸಿರುದಾರಿ ತೆರೆದಿಡೋ ಸಿಪ್ಯಾಪ್ ಮಷಿನ್ ಹಾಕಿಕೊಂಡು ಮಲಗುತ್ತಾರೆ. ಆಸಿಡಿಟಿಯೂ ಇತ್ತು. ಅದಕ್ಕೆ ಮಲಗೋ ಎರಡು ಮೂರು ಗಂಟೆ ಮೊದಲೇ ಊಟ, ಎಡ ಮಗ್ಗುಲು, ಮಂಚದ ತಲೆಕಡೆ ಕಾಲಿಗೆ ಇಟ್ಟಂಗಿ ಕೊಟ್ಟು ಅರ್ಧ ಅಡಿ ಎತ್ತರ. ದಿಂಬಿನ ಮೇಲೆ ದಿಂಬು ಇಟ್ಟರೆ ಹೊಟ್ಟೆ ಮಡಚಿ ಇನ್ನೂ ಜಾಸ್ತಿ ಆಗುತ್ತದೆ. ಡಾಕ್ಟರು ಆಸಿಡ್ ಕಡಿಮೆ ಮಾಡೋ ಪ್ಯಾಂಟೊಪ್ರಜೋಲ್ ಗುಳಿಗೆ ಬರೆದರೆ ತಿಂಡಿಗೆ ಅರ್ಧ ಗಂಟೆ ಮುಂಚೆ ನುಂಗಬೇಕು, ಉಂಡ ಮೇಲೆ ನುಂಗಿದರೆ ಅಷ್ಟು ಕೆಲಸ ಮಾಡಲ್ಲ.

ಹಳೇಹುಬ್ಬಳ್ಳಿ_ಅಂಗಡಿ
ಗೊರಕೆ ಇದೆಯಂತೆ ಅಕ್ಕಾ, ಜೋರಾಗೇ ಇದೆಯಂತೆ. ಉಸಿರು ನಿಲ್ಲೋದನ್ನ ಇವತ್ತು ರಾತ್ರಿ ನೋಡುತ್ತಾಳಂತೆ. ನಾಳೆ ಬೆಳಿಗ್ಗೆನೇ ಇಸಿಜಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ ಸಿಸ್ಟರ್?

ಧಾರವಾಡ_ಸಿಸ್ಟರ್
ಇಸಿಜಿಗೆ ಬೇಡ. ಫಾಸ್ಟಿಂಗ್ ಶುಗರ್ ಕೂಡ ಮಾಡಿಸೋದಾದರೆ ರಕ್ತ ಕೊಟ್ಟ ಮೇಲೆ ತಿಂಡಿ ತಿನ್ನಿ. ಎದೆಗೆ ಎಣ್ಣೆ, ಬಾಮ್ ಏನೂ ಹಚ್ಚಬೇಡಿ, ವೈರಿನ ಪಟ್ಟಿ ಅಂಟಲ್ಲ. ರಾತ್ರಿ ಮತ್ತೆ ಬಂದು ಬಿಡದಿದ್ದರೆ ಬೆಳಗಾಗೋವರೆಗೂ ಕಾಯಬೇಡಿ ಮತ್ತೆ.