ಹುಣಸೆಹಣ್ಣು ಹಾಕಿ ತಿಕ್ಕಿದೆ, ನೆಪೋಲಿಯನ್ ಸಿಪಾಯಿಯ ಮೂಗು ಬೂದಿ ಬಣ್ಣವಾಯಿತು. ಏನು ಮಾಡಲಿ?

ಕಿಲುಬುರಾಯ:
ನಮಸ್ಕಾರ. ನಾನಿರುವುದು ಫ್ರಾನ್ಸಿನ ಲೀಲ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಇಲ್ಲಿ ಬ್ರಾದ್ರಿ ಅಂತ ಹಳೇ ಸಾಮಾನಿನ ದೊಡ್ಡ ಸಂತೆ ಸೇರುತ್ತದೆ. ಅಲ್ಲಿ ಒಂದು ಬಸ್ಟ್ (ತಲೆಯಿಂದ ಎದೆಯವರೆಗಿನ ಪ್ರತಿಮೆ) ಕೊಂಡೆ. ನೆಪೋಲಿಯನ್ನನ ಓಲ್ಡ್ ಗಾರ್ಡ್ ಎಂಬ ಆಯ್ದ ಪಡೆಯ ಮುದಿ ಸಿಪಾಯಿ. ಕರಡಿ ತುಪ್ಪಳದ ಎತ್ತರದ ಟೋಪಿ, ಇಳಿಬಿದ್ದ ಮೀಸೆ, ಎದೆ ಮೇಲೆ ಎರಡು ಪದಕ. ಮಾರಿದವನು "ಕಂಚು, ನೆಪೋಲಿಯನ್ ಕಾಲದ್ದು" ಅಂದ.

ಮನೆಗೆ ತಂದು, ದೇವರ ದೀಪ ತಿಕ್ಕುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಫಳಫಳ ಹೊಳೆಯುವುದಿರಲಿ, ಮೂಗಿನ ತುದಿ, ಮೀಸೆ ಎಲ್ಲ ಬೂದಿ ಬಣ್ಣ! ಎರಡು ದಿನದಲ್ಲಿ ಸಂದುಗಳಲ್ಲಿ ಸುಣ್ಣದಂಥ ಬಿಳಿ ಪುಡಿ ಬಂತು. ಒಂದು ಭುಜಪಟ್ಟಿಯೂ ಅಲ್ಲಾಡುತ್ತಿದೆ, ಬೆಸುಗೆ ಹಾಕಿಸಲಾ? ಆಯಸ್ಕಾಂತ ಅಂಟುತ್ತಿಲ್ಲ. ಅಂದ್ರೆ ಕಂಚೇ ಅಲ್ವಾ?

ಎರಕದಮನೆ:
ಬೆಸುಗೆ ಮಾತ್ರ ಬೇಡ ಸಾರ್, ಮೊದಲು ಅದನ್ನು ಕೈಬಿಡಿ.

ಆಯಸ್ಕಾಂತ ಕಂಚಿಗೂ ಅಂಟುವುದಿಲ್ಲ, ಸತುವಿಗೂ ಅಂಟುವುದಿಲ್ಲ. ಬಸ್ಟ್ ಮಗುಚಿ, ತಳದ ಒಳಗೆ ಕಾಣದ ಕಡೆ ಸೂಜಿಯಿಂದ ಚೂರು ಗೀರಿ. ಹಳದಿ ಕಂಡರೆ ಕಂಚು, ಬೆಳ್ಳಿ ಬಣ್ಣ ಕಂಡರೆ ಸತು. ನನ್ನ ಪ್ರಕಾರ ನಿಮ್ಮದು ಸತುವೇ. ಕಂಚಿಗೆ ಹಸಿರು ಕಿಲುಬು ಬರುತ್ತದೆ. ಬಿಳಿ ಪುಡಿ ಬಂತು ಅಂದರೆ ಸತು.

ಇದನ್ನು ಅಲ್ಲಿ ರೆಗ್ಯೂಲ್ ಅನ್ನುತ್ತಾರೆ, ಇಂಗ್ಲಿಷಿನವರು ಸ್ಪೆಲ್ಟರ್ ಅನ್ನುತ್ತಾರೆ. ಕರಗಿದ ಲೋಹ ಅಚ್ಚಿಗೆ ಹೊಯ್ದು, ಅಂಚು ಗಟ್ಟಿಯಾದ ಕೂಡಲೇ ಉಳಿದದ್ದನ್ನು ವಾಪಸ್ ಸುರಿಯುತ್ತಿದ್ದರು. ಹಾಗಾಗಿ ಒಳಗೆ ಪೊಳ್ಳು, ಗೋಡೆ ತೆಳು. ಮೇಲೆ ಕಂಚಿನ ಬಣ್ಣದ ಲೇಪ. ನಿಮ್ಮ ಹುಣಸೆಹುಳಿ ಆ ಲೇಪವನ್ನು ತಿಂದು ಸತುವಿಗೇ ಕೈಹಾಕಿದೆ. ಸತು 419 ಡಿಗ್ರಿಗೇ ಕರಗುತ್ತದೆ. ಗ್ಯಾಸಿನ ಉರಿ ಹಿಡಿದರೆ ಭುಜಪಟ್ಟಿ ಅಂಟುವ ಮೊದಲು ಭುಜವೇ ಇಳಿದುಹೋಗುತ್ತದೆ. ಅರಾಲ್ಡೈಟ್ ತರದ ಎಪಾಕ್ಸಿ ಅಂಟು ಸಾಕು.

ಬಿಳಿ ಪುಡಿಯನ್ನು ಒಣ ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಉಪ್ಪು ಉಳಿದರೆ ಪುಡಿ ಮತ್ತೆ ಬರುತ್ತದೆ, ಅದಕ್ಕೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿದ ಹತ್ತಿಯಿಂದ ಮೂರ್ನಾಲ್ಕು ಸಲ ಒರೆಸಿ. ಪೊಳ್ಳಿನೊಳಗೆ ನೀರು ನಿಲ್ಲಬಾರದು, ನೆನಪಿರಲಿ. ಪೂರ್ತಿ ಒಣಗಿದ ಮೇಲೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ (ಲೋಹಕ್ಕೆ ಹಚ್ಚುವ ಮೇಣ) ತೆಳುವಾಗಿ ಹಚ್ಚಿ. ಬ್ರಾಸೋ ತರದ ಲೋಹ ಹೊಳಪಿಸುವ ಪಾಲಿಶ್ ಕಡೆ ತಲೆಹಾಕಲೂಬೇಡಿ.

ಹಳೇನಾಣ್ಯ:
ಎರಡು ಪದಕ ಅಂದಿರಲ್ಲ, ಒಂದು ನಕ್ಷತ್ರದ ಹಾಗಿರದೆ ಮೊಟ್ಟೆಯಾಕಾರದಲ್ಲಿದ್ದು, ಮೇಲೆ ಕಿರೀಟ, ಒಳಗೆ ನೆಪೋಲಿಯನ್ ತಲೆ ಇದೆಯಾ? ಇದ್ದರೆ ಅದು ಸೇಂಟ್ ಹೆಲೆನಾ ಪದಕ. ಹಳೇ ಯುದ್ಧಗಳಲ್ಲಿ ಕಾದಾಡಿ ಇನ್ನೂ ಬದುಕಿದ್ದವರಿಗೆ ಮೂರನೇ ನೆಪೋಲಿಯನ್ ಇದನ್ನು ಕೊಡಲು ಶುರು ಮಾಡಿದ್ದು 1857ರಲ್ಲಿ. ನೆಪೋಲಿಯನ್ ಕೊನೆಯದಾಗಿ ಸೋತ ವಾಟರ್ಲೂ ಯುದ್ಧ ಆಗಿ 42 ವರ್ಷದ ನಂತರ! ಬಸ್ಟ್ ಅದಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ. ಅಂದ ಹಾಗೆ ಈ ಗಾರ್ಡ್‌ನವರಿಗೆ ಗ್ರೊನ್ಯಾರ್ ಅಂತ ಅಡ್ಡಹೆಸರು, ಗೊಣಗುವವರು ಅಂತ ಅರ್ಥ.

ಕಿಲುಬುರಾಯ:
ಗೀರಿದೆ, ಬೆಳ್ಳಿ ಬಣ್ಣವೇ. ಪದಕದಲ್ಲಿ ಕಿರೀಟವೂ ಇದೆ. ದುಡ್ಡು ಜಾಸ್ತಿ ಕೊಟ್ಟೆ ಅನಿಸುತ್ತಿದೆ, ಇರಲಿ. ಒರೆಸಿ ವ್ಯಾಕ್ಸ್ ಹಚ್ಚಿ ಹತ್ತು ದಿನವಾಯಿತು, ಪುಡಿ ಮತ್ತೆ ಬಂದಿಲ್ಲ. ಭುಜಪಟ್ಟಿಯೂ ಗಟ್ಟಿಯಾಗಿ ಕೂತಿದೆ. ಮೂಗಿಗೆ ಬಣ್ಣ ಹಚ್ಚಿಲ್ಲ, ಹಾಗೇ ಬಿಟ್ಟೆ. ನೆಗಡಿಯಾದವನ ಹಾಗೆ ಕಾಣುತ್ತಾನೆ ಅಂತಾಳೆ ಹೆಂಡತಿ.