ಹೃದಯಾಘಾತದ ‘ಕಾರಣ’: ಎಲ್ಲದಕ್ಕೂ ಒಂದೇ ಪದ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಹೃದಯದ ಕಾಯಿಲೆಗಳ ಬಗ್ಗೆ ಸಾಮಾನ್ಯ ಓದುಗರಿಗಾಗಿ ಬರೆದ ಒಂದು ಕಿರುಪುಸ್ತಕವನ್ನು ತಿದ್ದುತ್ತಿದ್ದೇನೆ. ಅದರಲ್ಲಿ ‘ಹೃದಯಾಘಾತಕ್ಕೆ ಕಾರಣಗಳು’ ಅಂತ ಒಂದು ಅಧ್ಯಾಯ ಇದೆ. ಕೆಳಗೆ ಪಟ್ಟಿ: ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆ, ವಯಸ್ಸು, ಸಿಟ್ಟು, ರಕ್ತ ಹೆಪ್ಪುಗಟ್ಟುವುದು, ಅತಿಯಾದ ದಣಿವು. ಎಲ್ಲವೂ ಒಂದೇ ಸಾಲಿನಲ್ಲಿ ಕೂತಿವೆ. ಓದಿದವರಿಗೆ ಸಿಟ್ಟೂ ಸಿಗರೇಟೂ ಒಂದೇ ತೂಕದವು ಅನ್ನಿಸುತ್ತದೆ. ಆದರೆ ಇವು ಒಂದೇ ಬಗೆಯ ಕಾರಣಗಳಲ್ಲ. ಬೇರೆಬೇರೆ ಪದ ಬೇಕು ಅಂತ ನನಗನ್ನಿಸುತ್ತಿದೆ. ನಿಮ್ಮ ಸಲಹೆ ಕೇಳೋಣ ಅಂತ ಬರೆಯುತ್ತಿದ್ದೇನೆ.

ಒಳಗೆ ಏನಾಗುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಹೃದಯದ ಸ್ನಾಯುವಿಗೂ ರಕ್ತ ಬೇಕು. ಅದನ್ನು ತರುವ ರಕ್ತನಾಳಗಳು ಕೆಲವೇ ಮಿಲಿಮೀಟರ್ ಅಗಲದವು. ಅವುಗಳ ಗೋಡೆಯೊಳಗೆ ವರ್ಷಗಟ್ಟಲೆ ಕೊಲೆಸ್ಟ್ರಾಲ್ ಸೇರಿಕೊಂಡು ಜಿಡ್ಡಿನ ಗುಪ್ಪೆ ಬೆಳೆಯುತ್ತದೆ. ಗುಪ್ಪೆಯ ಮೇಲೆ ಒಂದು ಪೊರೆ ಇರುತ್ತದೆ. ಪೊರೆ ತೆಳುವಾಗಿ ಒಂದು ದಿನ ಹರಿದರೆ ಒಳಗಿನ ಜಿಡ್ಡು ರಕ್ತಕ್ಕೆ ತಾಗುತ್ತದೆ. ಗಾಯವಾಯಿತು ಅಂದುಕೊಂಡು ರಕ್ತ ಅಲ್ಲೇ ಹೆಪ್ಪುಗಟ್ಟುತ್ತದೆ, ದಾರಿ ಮುಚ್ಚಿಹೋಗುತ್ತದೆ. ಅರ್ಧ ಗಂಟೆಯೊಳಗೇ ಆಚೆಗಿನ ಸ್ನಾಯು ಸಾಯಲು ಶುರುವಾಗುತ್ತದೆ. ಮುಂದಿನ ಕೆಲವು ಗಂಟೆಗಳಲ್ಲಿ ಹಾನಿ ಹರಡುತ್ತಾ ಹೋಗುತ್ತದೆ. ಹೀಗೆ ಹರಿಯುವ ಗುಪ್ಪೆ ಎಷ್ಟೋ ಸಲ ನಾಳವನ್ನು ಅರ್ಧದಷ್ಟೂ ಮುಚ್ಚಿರುವುದಿಲ್ಲ. ‘ನಿನ್ನೆ ತನಕ ಚೆನ್ನಾಗಿಯೇ ಇದ್ದರು’ ಅನ್ನುವ ಮಾತು ಬರುವುದು ಇದಕ್ಕೇ.

‘ಹೆಪ್ಪುಗಟ್ಟು’ ನನಗೆ ತುಂಬ ಹಿಡಿಸುವ ಪದ. ಹಾಲಿಗೆ ಹೆಪ್ಪು ಹಾಕಿದಾಗ ಆಗುವುದನ್ನು ಕಂಡವರಿಗೆ ಬೇರೆ ವಿವರಣೆ ಬೇಡ. ಇತ್ತೀಚೆಗೆ ‘ರಕ್ತದ ಗಡ್ಡೆ’ ಅನ್ನುವ ಬಳಕೆ ಜಾಸ್ತಿಯಾಗಿದೆ. ಗಡ್ಡೆ ಅಂದ ಕೂಡಲೇ ಜನಕ್ಕೆ ಕ್ಯಾನ್ಸರ್ ನೆನಪಾಗುತ್ತದೆ. ಸುಮ್ನೆ ಹೆದರಿಸುವುದು ಯಾಕೆ? ಇಲ್ಲಿ ‘ಹೆಪ್ಪು’ ಅಂತಲೇ ಇರಲಿ. ಮತ್ತು ‘ಕಾರಣ’ ಅನ್ನುವ ಪದವೂ ನೇರವಾಗಿ ಸಲ್ಲುವುದು ಈ ಹೆಪ್ಪಿಗೇ.

ಇನ್ನು ಸಿಗರೇಟು, ಬಿಪಿ, ವಯಸ್ಸು ಇವುಗಳ ಗುಂಪು. ಇದಕ್ಕೆ ಪುಸ್ತಕಗಳಲ್ಲಿ ‘ಅಪಾಯಕಾರಿ ಅಂಶ’ ಅಂತ ಬರೆಯುತ್ತಾರೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಸಾವಿರಾರು ಜನರನ್ನು 1948ರಿಂದ ವರ್ಷಗಟ್ಟಲೆ ಗಮನಿಸುತ್ತಾ ಬಂದ ಅಧ್ಯಯನದಿಂದ ಹಬ್ಬಿದ ಕಲ್ಪನೆ ಇದು. 1961ರಲ್ಲಿ ವಿಲಿಯಂ ಕ್ಯಾನೆಲ್ ಮತ್ತು ಜೊತೆಗಾರರು ಬರೆದ ಲೇಖನದಿಂದ ಈ ಮಾತು ವೈದ್ಯರ ಬಾಯಲ್ಲಿ ನೆಲೆಯೂರಿತು. ಅದರ ಅರ್ಥ, ಇವು ಇದ್ದವರಿಗೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು ಅಂತ ಅಷ್ಟೆ. ಕನ್ನಡದ ‘ಅಪಾಯಕಾರಿ’ ಅಂದರೆ ಅದೇ ಅಪಾಯ ಮಾಡುತ್ತದೆ ಅಂತಾಗುತ್ತದೆ. ಸಿಗರೇಟಿಗೆ ಈ ಮಾತು ಒಪ್ಪುತ್ತದೆ. ಆದರೆ ವಯಸ್ಸು ಅಪಾಯಕಾರಿಯೇ? ಅಪ್ಪನಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿತ್ತು ಅನ್ನುವುದು ಅಪಾಯಕಾರಿಯೇ?

‘ಕುಮ್ಮಕ್ಕು’ ಅಂತ ಯೋಚಿಸಿದೆ, ಅದರಲ್ಲಿ ಪಿತೂರಿಯ ವಾಸನೆ ಇದೆ. ‘ಕುರುಹು’ ಅಂದರೆ ಬರೀ ಗುರುತು ಅಂತಾಗುತ್ತದೆ, ಸಿಗರೇಟಿನ ಪಾಲು ಅದಕ್ಕಿಂತ ಎಷ್ಟೋ ದೊಡ್ಡದು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ. 90ರಷ್ಟು ಒಂಬತ್ತೇ ಅಂಶಗಳ ಲೆಕ್ಕಕ್ಕೆ ಬಂತು. ಅದರಲ್ಲೂ ಮುಂದಿದ್ದವು ಸಿಗರೇಟು ಮತ್ತು ರಕ್ತದ ಕೊಬ್ಬಿನ ಏರುಪೇರು. ಹಾಗಾಗಿ ‘ಅಪಾಯ ಹೆಚ್ಚಿಸುವ ಅಂಶ’ ಅಂತ ಬರೆಯೋಣ ಅಂದುಕೊಂಡಿದ್ದೇನೆ. ಉದ್ದವಾಯಿತು, ನಿಜ. ಆದರೆ ಸುಳ್ಳು ಹೇಳುವುದಿಲ್ಲ.

ಮೂರನೆಯದು ಆ ಗಳಿಗೆಗೆ ಕಿಡಿ ಹೊತ್ತಿಸುವಂಥದ್ದು. ರೂಢಿಯಿಲ್ಲದವರು ಏಕಾಏಕಿ ಭಾರ ಎತ್ತುವುದು, ಸಿಟ್ಟು ನೆತ್ತಿಗೇರುವುದು, ಕೊರೆಯುವ ಚಳಿ. ‘ಓಡುವಾಗ ಹೃದಯಾಘಾತ’ ಅಂತ ತಲೆಬರಹ ಬಂದರೆ ಓಡುವುದೇ ತಪ್ಪು ಅಂತ ಜನ ನಿಲ್ಲಿಸಿಬಿಡುತ್ತಾರೆ. ದಿನಾ ವ್ಯಾಯಾಮ ಮಾಡುವವರಿಗೆ ಒಟ್ಟಾರೆ ಅಪಾಯ ಕಡಿಮೆಯೇ. ಇಲ್ಲಿ ‘ನೆಪ’ ಚೆನ್ನಾಗಿ ಕೂರುತ್ತದೆ: ಗುಪ್ಪೆ ಮೊದಲೇ ಇತ್ತು, ಓಟ ಒಂದು ನೆಪವಾಯಿತು. ತೊಡಕು ಏನೆಂದರೆ ‘ನೆಪ ಹೇಳಬೇಡ’ ಅನ್ನುವಾಗ ಅದೇ ಪದ ಸುಳ್ಳು ಸಬೂಬೂ ಆಗುತ್ತದೆ. ‘ನಿಮಿತ್ತ’ ಅಂದರೆ ಹಣೆಬರಹದ ಮಾತು ಬಂದುಬಿಡುತ್ತದೆ. ನನ್ನ ಒಲವು ನೆಪದ ಕಡೆಗೇ.

ಜಿಡ್ಡಿನ ಗುಪ್ಪೆ ಹರಿಯದೆಯೂ ಕೆಲವರಿಗೆ ಹೃದಯಾಘಾತ ಆಗುವುದುಂಟು. ನಾಳ ಸೆಟೆದುಕೊಳ್ಳಬಹುದು. ಅಥವಾ ಅದರ ಗೋಡೆಯೇ ಸೀಳಬಹುದು, ಇದು ಹೆಂಗಸರಲ್ಲಿ ಹೆಚ್ಚು. ಅದಕ್ಕೊಂದು ಸಾಲು ಸೇರಿಸುತ್ತೇನೆ.

ನನಗೆ ಇದಕ್ಕಿಂತ ಚಿಂತೆ ‘ಆಘಾತ’ದ ಬಗ್ಗೆ. ಆಘಾತ ಅಂದರೆ ಹೊಡೆತ. ಓದುಗರು ಎದೆಗೆ ಸಿಡಿಲು ಬಡಿದಂಥ ನೋವನ್ನು ಕಾಯುತ್ತಾರೆ. ನಿಜದಲ್ಲಿ ಬಹಳ ಜನ ಹೇಳುವುದು ಎದೆ ಭಾರ, ಹಿಂಡಿದ ಹಾಗೆ, ಬಿಗಿದ ಹಾಗೆ ಅಂತ. ಜೊತೆಗೆ ತಣ್ಣನೆ ಬೆವರು, ದವಡೆಗೋ ತೋಳಿಗೋ ಹರಿಯುವ ನೋವು. ಹೃದಯಕ್ಕೆ ರಕ್ತ ಸಾಲದಾದಾಗ ಬರುವ ನೋವಿಗೆ 18ನೇ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡೆನ್ ‘ಆಂಜೈನಾ’ ಅಂತ ಹೆಸರಿಟ್ಟರು. ಅದರ ಮೂಲದಲ್ಲಿ ಇರುವುದೂ ಹಿಸುಕುವ ಅರ್ಥವೇ, ಹೊಡೆಯುವುದಲ್ಲ. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಕೆಲವು ಸಲ ಬರೀ ಉಸಿರುಗಟ್ಟುವುದು, ವಾಕರಿಕೆ, ವಿಪರೀತ ಸುಸ್ತು ಮಾತ್ರ ಇರಬಹುದು. ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಮಾತ್ರೆ ನುಂಗಿ ಮಲಗುವವರು ಇವರೇ ಅಲ್ವಾ? ಪದವನ್ನು ಬದಲಿಸಲು ಈಗ ಆಗದು. ಅದರ ಪಕ್ಕದಲ್ಲೇ ‘ಎದೆ ಹಿಂಡುವುದು’ ಅಂತ ಪ್ರತಿ ಸಲವೂ ಬರೆಯಬೇಕು ಅನ್ನುವುದು ನನ್ನ ಹಟ.

ಇನ್ನೊಂದು ಗೊಂದಲ ‘ಹೃದಯ ಸ್ತಂಭನ’ದ್ದು. ಹಠಾತ್ ಸಾವುಗಳೆಲ್ಲವನ್ನೂ ಪತ್ರಿಕೆಗಳಲ್ಲಿ ‘ಹೃದಯಾಘಾತದಿಂದ ನಿಧನ’ ಅಂತಲೇ ಬರೆಯುವ ರೂಢಿ ಇದೆ. ಆಘಾತದಲ್ಲಿ ನಾಳ ಮುಚ್ಚಿರುತ್ತದೆ, ವ್ಯಕ್ತಿಗೆ ಸಾಮಾನ್ಯವಾಗಿ ಎಚ್ಚರ ಇರುತ್ತದೆ. ಸ್ತಂಭನದಲ್ಲಿ ಹೃದಯದ ವಿದ್ಯುತ್ ಲಯ ತಪ್ಪಿ ಬಡಿತವೇ ನಿಲ್ಲುತ್ತದೆ, ವ್ಯಕ್ತಿ ಕುಸಿಯುತ್ತಾರೆ. ಮೊದಲನೆಯದರಿಂದ ಎರಡನೆಯದು ಆಗಬಹುದು. ಹತ್ತಿರ ಇದ್ದವರು ಮಾಡಬೇಕಾದ್ದು ಮಾತ್ರ ಬೇರೆಬೇರೆ. ಎಚ್ಚರ ಇದ್ದವರನ್ನು ತಡಮಾಡದೆ ಆಂಬ್ಯುಲೆನ್ಸ್ ಕರೆಸಿ ಆಸ್ಪತ್ರೆಗೆ ಸೇರಿಸಬೇಕು. ಎಚ್ಚರ ತಪ್ಪಿ ಉಸಿರೂ ನಿಂತಿದ್ದರೆ ಆಂಬ್ಯುಲೆನ್ಸ್‌ಗೆ ಹೇಳಿ, ಅದು ಬರುವವರೆಗೆ ಕಾಯದೆ ಎದೆ ಒತ್ತಲು ಶುರುಮಾಡಬೇಕು.

ಈಗ ನನ್ನ ಪ್ರಶ್ನೆ. ‘ನೆಪ’ವನ್ನು ಈ ಅರ್ಥದಲ್ಲಿ ಆರೋಗ್ಯದ ಬರಹದಲ್ಲಿ ಬಳಸಿದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ‘ಅಪಾಯ ಹೆಚ್ಚಿಸುವ ಅಂಶ’ಕ್ಕೆ ಇದಕ್ಕಿಂತ ಚಿಕ್ಕದು ಏನಾದರೂ ಹೊಳೆಯುತ್ತದೆಯೇ? ಬಳಗದಲ್ಲಿ ಇರುವ ವೈದ್ಯರು, ನರ್ಸ್‌ಗಳು ಒಂದು ಮಾತು ತಿಳಿಸಿ: ರೋಗಿಯ ಮನೆಯವರಿಗೆ ವಿವರಿಸುವಾಗ ಆ ಗುಪ್ಪೆಗೆ ನೀವು ಏನನ್ನುತ್ತೀರಿ? ಜಿಡ್ಡು, ಕೊಬ್ಬು ಅಂತೀರೋ, ಇಲ್ಲ ಎಲ್ಲರಂತೆ ‘ಬ್ಲಾಕ್’ ಅಂತೀರೋ? ‘ಬ್ಲಾಕ್’ ಅನ್ನುವುದು ಗುಪ್ಪೆಗೂ ಹೆಪ್ಪಿಗೂ ಎರಡಕ್ಕೂ ನಡೆಯುತ್ತಿರುವುದರಿಂದ ಅದನ್ನು ಪುಸ್ತಕದಲ್ಲಿ ಬಿಡುವುದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಆದರೆ ಓದುಗರಿಗೆ ಗೊತ್ತಿರುವ ಪದವೂ ಅದೇ ಆಗಿದೆ.