ಶಿಲೀಂಧ್ರವನ್ನು ತಡೆಯುವ ವಿಷವೇ ಪಕ್ಕದ ಗಿಡವನ್ನೂ ತಡೆಯುತ್ತದೆಯೇ?

ಪ್ರಶ್ನೆ

ರೋಗಾಣು ತಗುಲಿದಾಗ ಸಸ್ಯಗಳು ತಯಾರಿಸಿಕೊಳ್ಳುವ ಫೈಟೋಅಲೆಕ್ಸಿನ್‌ಗಳನ್ನೂ, ನೆರೆಯ ಗಿಡಗಳ ಬೆಳವಣಿಗೆಯನ್ನು ಕುಗ್ಗಿಸುವ ಅಲೆಲೋಪತಿಯನ್ನೂ ಪಠ್ಯಪುಸ್ತಕಗಳು ಬೇರೆಬೇರೆ ಅಧ್ಯಾಯಗಳಲ್ಲಿ ವಿವರಿಸುತ್ತವೆ. ಒಂದೇ ಸಂಯುಕ್ತ ಈ ಎರಡೂ ಕೆಲಸಗಳನ್ನು ಮಾಡಬಲ್ಲದೇ? ಮಾಡಬಲ್ಲದಾದರೆ, ಆ ವಿಷವನ್ನು ಒಡಲಲ್ಲಿಟ್ಟುಕೊಂಡ ಸಸ್ಯಕ್ಕೇ ಹಾನಿಯಾಗದಿರುವುದು ಹೇಗೆ?

ಉತ್ತರ 1

ಖಂಡಿತ ಮಾಡಬಲ್ಲದು. ಅಧ್ಯಾಯಗಳು ಎರಡಾದದ್ದು ಸಂಶೋಧನೆ ನಡೆದುಬಂದ ದಾರಿಯಿಂದ: ಅಲೆಲೋಪತಿ ಎಂಬ ಪದವನ್ನು ಹ್ಯಾನ್ಸ್ ಮೋಲಿಷ್ 1937ರಲ್ಲಿ ಬಳಕೆಗೆ ತಂದರು; ಫೈಟೋಅಲೆಕ್ಸಿನ್‌ನ ಕಲ್ಪನೆಯನ್ನು ಮ್ಯೂಲರ್ ಮತ್ತು ಬೋರ್ಗರ್ 1940ರಲ್ಲಿ, ಆಲೂಗಡ್ಡೆಯ ಅಂಗಮಾರಿ ರೋಗದ ಪ್ರಯೋಗಗಳ ಆಧಾರದಲ್ಲಿ ಮುಂದಿಟ್ಟರು. ಭತ್ತದ ಮೊಮಿಲ್ಯಾಕ್ಟೋನ್ ಎಂಬ ಸಂಯುಕ್ತ ಈ ಗಡಿಯನ್ನು ಲೆಕ್ಕಿಸುವುದೇ ಇಲ್ಲ. ಮೊದಲು ಭತ್ತದ ಹೊಟ್ಟಿನಲ್ಲಿ ಬೆಳವಣಿಗೆಯನ್ನು ತಡೆಯುವ ವಸ್ತುವಾಗಿ ದೊರೆತ ಅದು, ಬೆಂಕಿರೋಗದ ಶಿಲೀಂಧ್ರವನ್ನು ಎದುರಿಸುವ ಎಲೆಗಳಲ್ಲಿಯೂ ಉತ್ಪತ್ತಿಯಾಗುತ್ತದೆ, ಬೇರುಗಳಿಂದ ಮಣ್ಣಿಗೂ ಸ್ರವಿಸುತ್ತದೆ.

ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಸ್ವಾರಸ್ಯಕರವೆನಿಸುತ್ತದೆ. ಮೆಕ್ಕೆಜೋಳವು ಡಿಂಬೋವಾ ಎಂಬ ವಿಷಕಾರಿ ಸಂಯುಕ್ತಕ್ಕೆ ಗ್ಲುಕೋಸ್ ಬೆಸೆದು, ನಿರುಪದ್ರವಿಯಾದ ಆ ರೂಪವನ್ನು ಜೀವಕೋಶದ ರಸದಾನಿಯಲ್ಲಿ ಕೂಡಿಡುತ್ತದೆ. ಗ್ಲುಕೋಸನ್ನು ಕತ್ತರಿಸುವ ಕಿಣ್ವ ಬೇರೆಡೆ ಇರುತ್ತದೆ. ಕೋಶ ಒಡೆದಾಗ ಇವೆರಡೂ ಕಲೆತು ವಿಷ ಬಿಡುಗಡೆಯಾಗುತ್ತದೆ. ಸಾಸಿವೆಯನ್ನು ಅರೆದಾಗ ಮಾತ್ರ ಮೂಗಿಗೇರುವ ಘಾಟಿನ ಹಿಂದೆಯೂ ಇದೇ ಏರ್ಪಾಡಿದೆ. ಹೀಗೆ ಮುಂಚೆಯೇ ಸಿದ್ಧವಾಗಿರುವವುಗಳನ್ನು ಫೈಟೋಆಂಟಿಸಿಪಿನ್ ಎನ್ನುತ್ತಾರೆ. ಫೈಟೋಅಲೆಕ್ಸಿನ್ ಎಂಬ ಹೆಸರು ಸೋಂಕಿನ ನಂತರ ಹೊಸದಾಗಿ ತಯಾರಾಗುವವುಗಳಿಗೆ ಮೀಸಲು.

ಉತ್ತರ 2

ಮೇಲಿನ ಉತ್ತರ ಸರಿಯಾಗಿದೆ, ಆದರೆ ಅಲೆಲೋಪತಿಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಎಲೆಯ ಸಾರವನ್ನು ಗಾಜಿನ ತಟ್ಟೆಯಲ್ಲಿ ಬೀಜದ ಮೇಲೆ ಸುರಿದರೆ ಮೊಳಕೆ ಕುಂಠಿತವಾಗುವುದು ಬಹುಪಾಲು ಸಸ್ಯಗಳಲ್ಲಿ ಕಾಣಸಿಗುವ ಸಂಗತಿ (ಅಂಥ ಪ್ರಬಂಧಗಳಿಗೂ ಬರವಿಲ್ಲ). ಮಣ್ಣಿನಲ್ಲಿ ಅದೇ ವಸ್ತುವನ್ನು ಜೇಡಿಮಣ್ಣಿನ ಕಣಗಳು ಹಿಡಿದಿಟ್ಟುಕೊಳ್ಳಬಹುದು, ಸೂಕ್ಷ್ಮಜೀವಿಗಳು ವಿಘಟಿಸಬಹುದು. ಕಪ್ಪು ವಾಲ್ನಟ್ ಮರದ ಜುಗ್ಲೋನ್ ಎಂಬ ವಿಷ ಈ ಕ್ಷೇತ್ರದ ಅತ್ಯಂತ ಪ್ರಸಿದ್ಧ ಉದಾಹರಣೆಯಾದರೂ, ಮರದಡಿಯ ಗಿಡ ಬಾಡುವುದಕ್ಕೆ ಜುಗ್ಲೋನ್ ಎಷ್ಟು ಕಾರಣ, ನೆರಳು ಮತ್ತು ನೀರಿನ ಪೈಪೋಟಿ ಎಷ್ಟು ಕಾರಣ ಎಂಬ ವಾದ ಇನ್ನೂ ಮುಗಿದಿಲ್ಲ. ವಿಷವನ್ನು ಹೀರಿಕೊಳ್ಳಲೆಂದು ಮಣ್ಣಿಗೆ ಇದ್ದಿಲು ಬೆರೆಸುವ ಪ್ರಯೋಗವೂ ನಿರ್ದೋಷಿಯಲ್ಲ, ಏಕೆಂದರೆ ಇದ್ದಿಲು ಪೋಷಕಾಂಶಗಳ ಲಭ್ಯತೆಯನ್ನೂ ಬದಲಿಸಬಲ್ಲದು. ಹೆಚ್ಚು ನಂಬಬಹುದಾದ ವಿಧಾನವೆಂದರೆ, ಆ ಸಂಯುಕ್ತವನ್ನು ತಯಾರಿಸುವ ಜೀನ್ ಅನ್ನೇ ನಿಷ್ಕ್ರಿಯಗೊಳಿಸಿ ಹೋಲಿಸುವುದು. ಮೊಮಿಲ್ಯಾಕ್ಟೋನ್ ತಯಾರಿಸಲಾರದಂತೆ ಮಾಡಿದ ಭತ್ತವು ನೆರೆಯ ಸಸ್ಯವನ್ನು ತಡೆಯುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿತು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಜೀನ್ ತೆಗೆದು ನೋಡುವ ಇಂಥ ಪುರಾವೆ ರೋಗಾಣುವಿನ ಕಡೆಯಿಂದಲೂ ಇದೆಯೇ?

ಉತ್ತರ 3

ಇದೆ. ಓಟ್ಸ್ ಗಿಡದ ಬೇರಿನಲ್ಲಿರುವ ಅವೆನಾಸಿನ್ ಎಂಬ ಸಪೋನಿನ್ (ಸಾಬೂನಿನಂತೆ ನೊರೆ ಬರಿಸುವ ಸಸ್ಯವಸ್ತು) ಶಿಲೀಂಧ್ರಗಳ ಕೋಶಪೊರೆಯನ್ನು ಭೇದಿಸುತ್ತದೆ. ಗೋಧಿಯ ಬೇರನ್ನು ಕೊಳೆಸುವ ಒಂದು ಶಿಲೀಂಧ್ರದ, ಓಟ್ಸ್‌ಗೂ ತಗುಲಬಲ್ಲ ತಳಿಯು ಅವೆನಾಸಿನೇಸ್ ಎಂಬ ಕಿಣ್ವದಿಂದ ಈ ವಿಷವನ್ನು ನಿರ್ವಿಷಗೊಳಿಸುತ್ತದೆ. ಆ ಕಿಣ್ವದ ಜೀನ್ ಅನ್ನು ಕೆಡಿಸಿದಾಗ ಶಿಲೀಂಧ್ರವು ಓಟ್ಸ್‌ಗೆ ಸೋಂಕು ತಗುಲಿಸಲಾರದೆ ಹೋಯಿತು. ಅವೆನಾಸಿನ್ ಇಲ್ಲದ ಗೋಧಿಯನ್ನು ಮಾತ್ರ ಮೊದಲಿನಂತೆಯೇ ಕಾಡಿತು.